ಸೋರೆಬುರುಡೆ, ತಲೆಮಣೆ, ಟೈರಿನ ಚಪ್ಪಲಿ: ಉತ್ತರ ಕೀನ್ಯಾದ ಹಾದಿಯಲ್ಲಿ

ಶುಕ್ರವಾರ, ನೈರೋಬಿ

ನನ್ನ ತಮ್ಮ ನೈರೋಬಿಯಲ್ಲಿ ಕೆಲಸಕ್ಕೆ ಸೇರಿದಾಗಿನಿಂದ "ಅಕ್ಕಾ, ಒಮ್ಮೆ ಬಾ, ಮಾಸಾಯಿ ಮಾರಾಕ್ಕೆ ಹೋಗಿ ಸಿಂಹ ನೋಡೋಣ" ಎಂದು ಕರೆಯುತ್ತಲೇ ಇದ್ದ. ಆದರೆ ನನ್ನ ಆಸೆ ಬೇರೆ ಇತ್ತು. ದನ, ಒಂಟೆ, ಮೇಕೆಗಳ ಹಿಂದೆ ನಡೆಯುತ್ತ ಬದುಕುವ ಜನ ಹಾಲನ್ನು ಯಾವುದರಲ್ಲಿ ಕರೆಯುತ್ತಾರೆ, ಯಾವುದರಲ್ಲಿ ಹುಳಿ ಬರಿಸುತ್ತಾರೆ, ಮನೆ ಕಿತ್ತು ಹೊರಡುವಾಗ ಪಾತ್ರೆಗಳನ್ನು ಹೇಗೆ ಕಟ್ಟುತ್ತಾರೆ ಎಂಬುದನ್ನು ಕಣ್ಣಾರೆ ನೋಡಬೇಕಿತ್ತು. ಅದನ್ನು ಹೇಳಿದಾಗ ತಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಉತ್ತರಕ್ಕೆ ಹೋಗಬೇಕು, ರಸ್ತೆ ಕೆಟ್ಟದಾಗಿರುತ್ತದೆ, ಬಿಸಿಲು ತಡೆಯುತ್ತೀಯಾ?" ಎಂದು ಕೇಳಿದ. ಕಡೆಗೆ ತಾನೇ ರಜೆ ಹಾಕಿ ಜೊತೆಗೆ ಹೊರಟ.

ಹೊರಡುವ ಮುನ್ನ ಒಂದು ಹಗಲು ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಕೊಟ್ಟೆವು. 1984ರಲ್ಲಿ ತುರ್ಕಾನಾ ಸರೋವರದ ಪಶ್ಚಿಮಕ್ಕೆ ಸಿಕ್ಕ, ಸುಮಾರು ಹದಿನೈದು ಲಕ್ಷ ವರ್ಷ ಹಳೆಯ 'ತುರ್ಕಾನಾ ಬಾಲಕ'ನೆಂಬ ಆದಿಮಾನವನ ಅಸ್ಥಿಗಳ ಮುಂದೆ ಶಾಲಾ ಮಕ್ಕಳು ಗುಂಪುಗಟ್ಟಿದ್ದರು. ನಾನು ಹೆಚ್ಚು ಹೊತ್ತು ನಿಂತದ್ದು ಗಾಜಿನ ಹಿಂದಿದ್ದ ಹಾಲಿನ ಸೋರೆಬುರುಡೆಗಳು, ಮರದ ಪಾತ್ರೆಗಳು, ಚರ್ಮದ ಮುಚ್ಚಳಗಳ ಮುಂದೆ. ಎಲ್ಲವೂ ಚೆನ್ನಾಗಿ ಒರೆಸಿ ಜೋಡಿಸಿದ್ದವು. ಎತ್ತಿದರೆ ಎಷ್ಟು ಭಾರ, ಹೆಗಲಿಗೆ ಹಾಕಿದರೆ ಎಲ್ಲಿ ಒತ್ತುತ್ತದೆ, ಮೂಗಿಗೆ ಹಿಡಿದರೆ ಏನು ವಾಸನೆ ಎಂಬುದು ಮಾತ್ರ ಗಾಜಿನಾಚೆಗೆ ಉಳಿದಿತ್ತು. ಆದರೂ ಉತ್ತರಕ್ಕೆ ಹೋಗುವವರು ಮೊದಲು ಇಲ್ಲಿಗೆ ಬರುವುದು ಒಳ್ಳೆಯದು. ಮುಂದೆ ಯಾರದೋ ಮನೆಯ ಮೂಲೆಯಲ್ಲಿ ಒಂದು ಪಾತ್ರೆ ಕಂಡಾಗ ಅದು ಏನೆಂದು ಗುರುತು ಸಿಗುತ್ತದೆ, ಕೇಳಲು ಪ್ರಶ್ನೆಗಳೂ ಹುಟ್ಟುತ್ತವೆ.

ಶನಿವಾರ, ಇಸಿಯೋಲೊ

ಬೆಳಿಗ್ಗೆ ಬೇಗ ಬಾಡಿಗೆಯ ಜೀಪಿನಲ್ಲಿ ಹೊರಟೆವು. ಚಾಲಕ ಸಾಂಬುರು ಜನಾಂಗದವನು, ಮಿತಭಾಷಿ. ನ್ಯಾನ್ಯುಕಿಯಲ್ಲಿ ಭೂಮಧ್ಯರೇಖೆಯ ಫಲಕದ ಬಳಿ ಒಂದು ಚಹಾ ಕುಡಿದು, ಕೀನ್ಯಾ ಪರ್ವತದ ತಪ್ಪಲಿನ ಗೋಧಿ ಹೊಲಗಳನ್ನು ದಾಟಿ ಇಳಿಯತೊಡಗಿದಂತೆ ಗಾಳಿ ಬಿಸಿಯಾಯಿತು, ಹಸಿರು ತೆಳುವಾಗಿ ಮುಳ್ಳಿನ ಜಾಲಿ ಶುರುವಾಯಿತು.

ಇಸಿಯೋಲೊ ಧೂಳಿನ, ಗದ್ದಲದ, ನನಗೆ ತುಂಬಾ ಹಿಡಿಸಿದ ಊರು. ಸೊಮಾಲಿ, ಬೊರಾನ, ಸಾಂಬುರು, ತುರ್ಕಾನಾ, ಮೇರು ಜನರೆಲ್ಲ ಒಂದೇ ಪೇಟೆಯಲ್ಲಿ ವ್ಯಾಪಾರ ಮಾಡುತ್ತಾರೆ. ಒಂದು ಸಣ್ಣ ಹೋಟೆಲಿನಲ್ಲಿ ಚಪಾತಿಯ ಜೊತೆ ಬೇಯಿಸಿದ ಹುರುಳಿಕಾಯಿ ಬೀಜದ ಸಾರು ಕೊಟ್ಟರು. ರೈಲು ಹಾಕಲು, ಅಂಗಡಿ ಇಡಲು ಹೋದ ಭಾರತೀಯರೊಂದಿಗೆ ಬಂದ ಚಪಾತಿ ಈಗ ಕೀನ್ಯಾದ ಮನೆಮನೆಯ ತಿಂಡಿ. ಸಸ್ಯಾಹಾರಿಗಳಿಗೆ ಉತ್ತರದ ದಾರಿಯಲ್ಲಿ ಇದೇ ಆಧಾರ. ಇಸಿಯೋಲೊ ದಾಟಿದ ಮೇಲೆ ತರಕಾರಿ ಅಪರೂಪವಾದ್ದರಿಂದ ನಾವು ಅಲ್ಲೇ ಈರುಳ್ಳಿ, ಟೊಮೆಟೊ, ಅಕ್ಕಿ ಕಟ್ಟಿಸಿಕೊಂಡೆವು. ಡೀಸೆಲ್ಲೂ ಇಲ್ಲೇ ತುಂಬಿಸಿಕೊಳ್ಳಬೇಕು.

ಮಧ್ಯಾಹ್ನ ಒಂಟೆ ಹಾಲು ಮಾರುವ ಹೆಂಗಸರ ಸಾಲಿಗೆ ಹೋದೆವು. ಸುತ್ತಲಿನ ಒಣನೆಲದಿಂದ ಬರುವ ಹಾಲು ಇಲ್ಲಿ ಸೇರಿ ಬಸ್ಸಿನ ಮೇಲೇರಿ ನೈರೋಬಿಯ ಈಸ್ಟ್‌ಲೀ ಬಡಾವಣೆಗೆ ಹೋಗುತ್ತದೆ. ಬರುವುದೆಲ್ಲ ಹಳದಿ ಪ್ಲಾಸ್ಟಿಕ್ ಡಬ್ಬಿಗಳಲ್ಲಿ, ಅಡುಗೆ ಎಣ್ಣೆ ತುಂಬಿ ಬಂದವೇ ಈಗ ಹಾಲು ಹೊರುತ್ತವೆ. ಒಬ್ಬ ಬೊರಾನ ಹೆಂಗಸು ಪ್ರತಿ ಡಬ್ಬಿಯ ಮುಚ್ಚಳ ತಿರುಗಿಸಿ ಮೂಗಿಗೆ ಹಿಡಿಯುತ್ತಿದ್ದಳು. ಎರಡನ್ನು ಮಾತಿಲ್ಲದೆ ಪಕ್ಕಕ್ಕೆ ತಳ್ಳಿದಳು. ತಮ್ಮ ಸ್ವಾಹಿಲಿಯಲ್ಲಿ ಕೇಳಿದಾಗ ಆಕೆ ಹೇಳಿದ್ದು ಇಷ್ಟು: ನಾರಿನಿಂದ ಹೆಣೆದ ಪಾತ್ರೆಯನ್ನು ಹೊಗೆಗೆ ಒಡ್ಡಿದರೆ ಹೊಗೆ ಅದರೊಳಗೆ ಕೂರುತ್ತದೆ, ಹಾಲು ಕಾಯುತ್ತದೆ, ಪ್ಲಾಸ್ಟಿಕ್ಕಿಗೂ ತಾವು ಹೊಗೆ ಕೊಡುತ್ತೇವೆ, ಆದರೆ ಅದು ಹಿಡಿದಿಟ್ಟುಕೊಳ್ಳುವುದಿಲ್ಲ. "ಮತ್ತೆ ಪ್ಲಾಸ್ಟಿಕ್ ಯಾಕೆ?" ಎಂದೆ. ಬಸ್ಸಿನ ಮೇಲೆ ಹೆಣೆದ ಪಾತ್ರೆಗಳನ್ನು ಒಂದರ ಮೇಲೊಂದು ಪೇರಿಸಲು ಬರುವುದಿಲ್ಲ, ಕಳೆದರೆ ಹೊಸದು ಮಾಡಲು ವಾರಗಟ್ಟಲೆ ಬೇಕು ಎಂದಳು. ಆ ಲೆಕ್ಕಕ್ಕೆ ಎದುರು ಹೇಳಲು ನನ್ನಲ್ಲಿ ಏನೂ ಇರಲಿಲ್ಲ.

ಸಂಜೆ ಮಣಿ ಅಂಗಡಿಗಳು. ಗೋಡೆ ತುಂಬ ನೇತುಹಾಕಿದ ಸಣ್ಣ ಗಾಜಿನ ಮಣಿಗಳ ಗೊಂಚಲುಗಳು, ಕೆಂಪೇ ಹೆಚ್ಚು. ಒಳ್ಳೆಯ ಮಣಿ ಚೆಕ್ ದೇಶದ್ದು ಎಂದು ಅಂಗಡಿಯವರು ಬಣ್ಣ ತಿಕ್ಕಿ ತೋರಿಸಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ಕರಾವಳಿಯ ವರ್ತಕರು ಯುರೋಪಿನ ಮಣಿಗಳನ್ನು ಒಳನಾಡಿಗೆ ತಂದು ಸುರಿಯುವ ಮೊದಲು ಇಲ್ಲಿನವರ ಒಡವೆ ಬೀಜ, ಮೂಳೆ, ಚಿಪ್ಪು, ಉಷ್ಟ್ರಪಕ್ಷಿಯ ಮೊಟ್ಟೆಯ ಓಡುಗಳದ್ದಾಗಿತ್ತು.

ಭಾನುವಾರ, ಆರ್ಚರ್ಸ್ ಪೋಸ್ಟ್

ಎವಾಸೊ ಎನ್‌ಗಿರೊ ನದಿ ದಾಟಿದರೆ ಆರ್ಚರ್ಸ್ ಪೋಸ್ಟ್. ಚಾಲಕನ ಅತ್ತೆಯ ಹಟ್ಟಿ ಅಲ್ಲಿಂದ ಒಳಕ್ಕೆ, ಮುಳ್ಳುಬೇಲಿಯ ನಡುವೆ. ಹಾಲು ಕರೆಯುವ ಹೊತ್ತಿಗೇ ಹೋಗಬೇಕೆಂದು ಕತ್ತಲಿರುವಾಗಲೇ ಹೊರಟೆವು. ಬರಿಗೈಯಲ್ಲಿ ಹೋಗಬಾರದು, ಚಹಾಪುಡಿ, ಸಕ್ಕರೆ, ಜೋಳದ ಹಿಟ್ಟು ತೆಗೆದುಕೊಂಡು ಹೋದರೆ ಸಂತೋಷಪಡುತ್ತಾರೆ ಎಂದು ಚಾಲಕ ಹಿಂದಿನ ರಾತ್ರಿಯೇ ಹೇಳಿದ್ದ. ಕ್ಯಾಮೆರಾ ಚೀಲದಲ್ಲೇ ಇರಲಿ, ಊಟ ಮಾತು ಆದ ಮೇಲೆ ಕೇಳೋಣ ಎಂದೂ ಹೇಳಿದ್ದ. ಅದು ಎಲ್ಲರೂ ಪಾಲಿಸಬೇಕಾದ ಮಾತು.

"ಸೂಪಾ" ಎಂದೆ. "ಸೂಪಾ ಒಲೆಂಗ್" ಎಂದು ಅಜ್ಜಿ ಎರಡೂ ಕೈ ಹಿಡಿದುಕೊಂಡರು. ಕತ್ತಿನಿಂದ ಹೆಗಲಿನವರೆಗೆ ಹರಡಿದ್ದ ಮಣಿಸರಗಳು ಅವರು ಬಾಗಿದಾಗ ಒಂದಾಗಿ ಏಳುತ್ತಿದ್ದವು. ತಮ್ಮನನ್ನು ಗಂಡಸರು ಮರದ ಕೆಳಗೆ ಕೂರಿಸಿಕೊಂಡರು. ಮನೆ ಹೆಂಗಸಿನದು, ಕಟ್ಟುವವಳೂ ಅವಳೇ. ಬೆನ್ನು ಬಗ್ಗಿಸಿ ಒಳಗೆ ಹೋದ ಮೇಲೆ ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಸಮಯ ಹಿಡಿಯಿತು. ಮೂರು ಕಲ್ಲಿನ ಒಲೆ, ಚರ್ಮ ಹಾಸಿದ ಮಲಗುವ ಜಾಗ, ಗೋಡೆಗೆ ತೂಗುಬಿಟ್ಟ ಬುರುಡೆಗಳು.

ಹೊರಗೆ ಸೊಸೆ ಹಾಲು ಕರೆದು ತಂದಾಗ ಅಜ್ಜಿ ಪಾತ್ರೆ ತೊಳೆಯುವುದನ್ನು ತೋರಿಸಲು ಒಪ್ಪಿದರು. ಉದ್ದ ಕತ್ತಿನ ಒಂದು ಸೋರೆಬುರುಡೆಯನ್ನು ಇಳಿಸಿ, ಸ್ವಲ್ಪವೇ ನೀರು ಹಾಕಿ ಕುಲುಕಿ ಚೆಲ್ಲಿದರು. ನೀರು ಇಲ್ಲಿ ಮೈಲುಗಟ್ಟಲೆ ದೂರದಿಂದ ಬರುವುದರಿಂದ ಪಾತ್ರೆ ತೊಳೆಯುವ ಕೆಲಸವನ್ನು ಹೆಚ್ಚಾಗಿ ಬೆಂಕಿಯೇ ಮಾಡುತ್ತದೆ. ಒಲೆಯಿಂದ ತುದಿ ಕೆಂಪಾದ ಒಂದು ಕೋಲನ್ನು ಎಳೆದು ನೇರವಾಗಿ ಬುರುಡೆಯೊಳಗೆ ತೂರಿಸಿ, ಒಳಗೋಡೆಗೆ ತಾಗಿಸುತ್ತ ತಿರುಗಿಸಿದರು. ಬಾಯಿಯಿಂದ ಬಿಳಿ ಹೊಗೆ ಎದ್ದಿತು. ಮುಚ್ಚಳ ಹಾಕಿ, ಕಿವಿಯ ಬಳಿ ಹಿಡಿದು ಕುಲುಕಿದರು. ಒಳಗೆ ಕೆಂಡದ ಚೂರುಗಳು ಉರುಳಿ ಪುಡಿಯಾಗುವ ಸದ್ದು ಕೇಳುತ್ತಿತ್ತು. ಆಮೇಲೆ ಉದ್ದ ಹಿಡಿಯ ನಾರಿನ ಕುಂಚದಿಂದ ಒಳಗೆಲ್ಲ ಉಜ್ಜಿ, ಬುರುಡೆಯನ್ನು ತಲೆಕೆಳಗು ಮಾಡಿ ಅಂಗೈಯಿಂದ ತಟ್ಟಿ ಮಸಿ ಉದುರಿಸಿದರು. ಬಾಯಿಗೆ ಮೂಗಿಟ್ಟು ನೋಡಿ, ತೃಪ್ತಿಯಾಗದೆ ಇನ್ನೊಮ್ಮೆ ತಟ್ಟಿ, ನನ್ನ ಕೈಗೆ ಕೊಟ್ಟರು.

ನಾನು ಊಹಿಸಿದ್ದಕ್ಕಿಂತ ಎಷ್ಟೋ ಹಗುರ. ತಳದಿಂದ ಕತ್ತಿನವರೆಗೆ ಚರ್ಮದ ಪಟ್ಟಿ, ಅದೇ ಹೊರುವ ಹಿಡಿ. ಹೊಟ್ಟೆಯ ಬಳಿ ಒಂದು ಬಿರುಕು ಬಿಟ್ಟಿತ್ತು. ಬಿರುಕಿನ ಎರಡೂ ಕಡೆ ಸಣ್ಣ ತೂತು ಕೊರೆದು ಚರ್ಮದ ಎಳೆಯಿಂದ ಹೊಲಿದಿದ್ದರು. ಹೊಲಿಗೆಯ ಉದ್ದಕ್ಕೂ ಬಿಳಿ, ನೀಲಿ ಮಣಿ ಕೂರಿಸಿದ್ದರು. ಮಣಿ ಕಂಡ ಕೂಡಲೇ ಅಲಂಕಾರ ಎಂದು ತಿಳಿಯುವ ನಮ್ಮ ಕಣ್ಣಿಗೆ ಅಲ್ಲೊಂದು ದುರಸ್ತಿ ಇದೆ ಎಂದು ಹೊಳೆಯಲು ಹತ್ತಿರದಿಂದ ನೋಡಬೇಕಾಯಿತು. ಸಾಂಬುರು ಜನ ಸೋರೆ ಬೆಳೆಯುವುದಿಲ್ಲ, ಬೇಸಾಯದವರಿಂದ ಕೊಳ್ಳಬೇಕು. ಆದ್ದರಿಂದ ಒಡೆದ ಬುರುಡೆಯನ್ನು ಯಾರೂ ಎಸೆಯುವುದಿಲ್ಲ.

ಹೊಗೆ ಹಾಕುವ ಕೋಲು ಯಾವ ಮರದ್ದಾದರೂ ಆಗುವುದಿಲ್ಲ. ಅಜ್ಜಿಯ ಕೋಲು ಕಾಡು ಆಲಿವ್ ಮರದ್ದು, ಬಿಸಿಲಿನ ಈ ಬಯಲಿನಲ್ಲಿ ಬೆಳೆಯದ್ದು, ತಂಪಿನ ಬೆಟ್ಟದಿಂದ ತರಿಸಿಕೊಂಡದ್ದು. ದಕ್ಷಿಣದ ಮಾಸಾಯಿಗಳೂ ಇದೇ ಮರವನ್ನು ಒಲೊಯಿರಿಯೆನ್ ಎಂದು ಕರೆದು ಇದೇ ಕೆಲಸಕ್ಕೆ ಬಳಸುತ್ತಾರೆ. ಬಿಸಿ ಕೆಂಡ ಮತ್ತು ಹೊಗೆಯ ಅಂಶಗಳು ಬೇಡದ ಸೂಕ್ಷ್ಮಜೀವಿಗಳನ್ನು ಹತ್ತಿಕ್ಕುತ್ತವೆ; ಬುರುಡೆಯ ಒಳಪದರದಲ್ಲಿ ಉಳಿದ ಹಳೆಯ ಹುಳಿಯೇ ಹೊಸ ಹಾಲಿಗೆ ಹೆಪ್ಪಾಗುತ್ತದೆ. ಕೆಲವು ದಿನ ಮುಚ್ಚಿಟ್ಟರೆ ಗಟ್ಟಿ ಹುಳಿಹಾಲು ಸಿದ್ಧ. ನಮಗೆ ಕೊಟ್ಟದ್ದು ಅದೇ. ಬೆರಣಿ ಒಲೆಯ ಮೇಲೆ ದಿನವಿಡೀ ಕಾದು ಕೆನೆಗಟ್ಟಿದ ಹಾಲಿನ ಹೊಗೆವಾಸನೆ ನೆನಪಿರುವವರಿಗೆ ಈ ರುಚಿ ಅಪರಿಚಿತವೆನಿಸದು. ನಾನು ಎರಡನೆಯ ಲೋಟ ಕೇಳಿದ್ದಕ್ಕೆ ಅಜ್ಜಿ ಬಹಳ ಹೊತ್ತು ನಕ್ಕರು.

ಮಾತಿನ ನಡುವೆ ಬರಗಾಲ ಬಂದೇ ಬಂತು. 2020ರ ಕೊನೆಯಿಂದ ಸತತ ಐದು ಮಳೆಗಾಲ ಕೈಕೊಟ್ಟು ಕೀನ್ಯಾದಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜಾನುವಾರು ಸತ್ತವು. ಆ ದಿನಗಳಲ್ಲಿ ಗೋಡೆಯ ಬುರುಡೆಗಳು ಖಾಲಿ ತೂಗುತ್ತಿದ್ದವು, ಆದರೂ ಬಿರುಕು ಬಿಡದಿರಲೆಂದು ಆಗಾಗ ಕೊಬ್ಬು ಸವರುತ್ತಿದ್ದೆ ಎಂದು ಅಜ್ಜಿ ಹೇಳಿದರು. ಹಾಲಿಲ್ಲದ ಮನೆಯಲ್ಲೂ ಪಾತ್ರೆಯನ್ನು ಹಾಗೆ ಕಾಪಾಡಿದ ಆ ಕೈಗಳನ್ನು ನೋಡಿ ನನ್ನ ಗಂಟಲು ಕಟ್ಟಿತು.

ಸೋಮವಾರ, ಲೈಸಾಮಿಸ್ ದಾಟಿ ಕೊರ್

ಇಸಿಯೋಲೊದಿಂದ ಇಥಿಯೋಪಿಯಾ ಗಡಿಯ ಮೊಯಾಲೆಯವರೆಗೆ ಈಗ ಡಾಂಬರು ರಸ್ತೆ ಇದೆ. ಬಲಕ್ಕೂ ಎಡಕ್ಕೂ ಒಂಟಿ ಬೆಟ್ಟಗಳು. ಒಲೊಲೊಕ್ವೆ ಬೆಟ್ಟದ ಬಂಡೆಮುಖ ಬಹಳ ಹೊತ್ತು ಜೊತೆಗೇ ಬಂತು. ಲೈಸಾಮಿಸ್‌ನಲ್ಲಿ ಡಾಂಬರು ಬಿಟ್ಟು ತಿರುಗಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಚೂಪು ಕಲ್ಲು ಹಿಂದಿನ ಟೈರಿನ ಪಕ್ಕೆಯನ್ನು ಸೀಳಿತು. ಬದಲಿ ಟೈರು ಹಾಕಿ ಊರಿಗೆ ಮರಳಿದೆವು. ಪಂಕ್ಚರ್ ಅಂಗಡಿಯವನು ಸೀಳನ್ನು ನೋಡಿ ತಲೆ ಅಲ್ಲಾಡಿಸಿದ. ಇನ್ನೊಂದು ಟೈರು ಹುಡುಕಿಸಲು ಎರಡು ಗಂಟೆ ಹೋಯಿತು. ಈ ಕಡೆ ಬರುವವರು ಎರಡು ಬದಲಿ ಟೈರು ಇಟ್ಟುಕೊಳ್ಳದೆ ಹೊರಡಬಾರದು.

ಆ ಎರಡು ಗಂಟೆ ವ್ಯರ್ಥವಾಗಲಿಲ್ಲ. ಸತ್ತ ಟೈರಿನ ಬಳಿಗೆ ಒಬ್ಬಾತ ಬಂದು ಕುಕ್ಕರಗಾಲಲ್ಲಿ ಕುಳಿತು, ಹೆಬ್ಬೆರಳಿನಿಂದ ಅದನ್ನು ಒತ್ತಿ ಒತ್ತಿ ನೋಡಿ, ಬೆಲೆ ಕೇಳಿದ. ಟೈರಿನ ಚಪ್ಪಲಿ ಹೊಲಿಯುವವನು. ಹಾಗೇ ತೆಗೆದುಕೋ, ಒಂದು ಜೊತೆ ಮಾಡುವುದನ್ನು ನೋಡಲು ಬಿಡು ಎಂದೆವು. ನನ್ನ ಪಾದವನ್ನು ಟೈರಿನ ಮೇಲೆ ಇರಿಸಿ ಸೀಮೆಸುಣ್ಣದಲ್ಲಿ ಗೆರೆ ಎಳೆದು, ನೀರು ಚಿಮುಕಿಸಿ ಚೂರಿಯಿಂದ ಕತ್ತರಿಸಿದ. ಒದ್ದೆಯಾದ ರಬ್ಬರು ಚೂರಿಗೆ ಅಂಟದೆ ಕೊಯ್ಯುತ್ತದೆ. ಟೈರಿನ ತೆಳು ಭಾಗದಿಂದ ಪಟ್ಟಿ ಸೀಳಿ, ಸಣ್ಣ ಮೊಳೆಗಳಿಂದ ಬದಿಗೆ ಬಡಿದ. ಮುಳ್ಳು ನೆಲದಲ್ಲಿ ದಿನಕ್ಕೆ ಹತ್ತಾರು ಮೈಲಿ ನಡೆಯುವವರ ಕಾಲಲ್ಲಿ ಹಿಂದೆ ಹಸುವಿನ ಚರ್ಮದ ಚಪ್ಪಲಿ ಇತ್ತು. ಟೈರು ಬಂದ ಮೇಲೆ ಕುರುಬ ಹುಡುಗರಿಂದ ಮುದುಕರವರೆಗೆ ಇದೇ, ಸ್ವಾಹಿಲಿಯಲ್ಲಿ ಅಕಾಲಾ. ಪರಂಪರೆಯ ವಸ್ತುಗಳ ಪಟ್ಟಿಯಲ್ಲಿ ಇದನ್ನು ಸೇರಿಸದವರ ಜೊತೆ ನಾನು ಜಗಳವಾಡಲು ಸಿದ್ಧ. ಸಿಕ್ಕ ಸಾಮಗ್ರಿಯಿಂದ ತನ್ನ ಕಾಲಿಗೆ, ತನ್ನ ನೆಲಕ್ಕೆ ತಕ್ಕಂತೆ ಮಾಡಿಕೊಂಡದ್ದೇ ಅಲ್ಲವೇ ಬುರುಡೆಯ ಮೇಲಿನ ಮಣಿಯೂ?

ಕೊರ್ ತಲುಪಿದಾಗ ಸೂರ್ಯ ಇಳಿಯುತ್ತಿದ್ದ. ಇದು ರೆಂಡಿಲೆ ಜನರ ಊರು, ಒಂಟೆ ಇವರ ಜೀವ. ಇವರ ಅರ್ಧಗೋಳದ ಮನೆ ಪೂರಾ ಬಿಚ್ಚಿ ಕಟ್ಟುವಂಥದು: ಬಾಗಿಸಿದ ಕೋಲುಗಳು, ಕಾಡು ಕತ್ತಾಳೆಯ ನಾರಿನಿಂದ ಹೆಣೆದ ಚಾಪೆಗಳು, ಚರ್ಮ. ಬೇರೆ ಮೇವಿಗೆ ಹೊರಡುವಾಗ ಹೆಂಗಸರು ಚಾಪೆಗಳನ್ನು ಸುತ್ತಿ, ಕೋಲುಗಳನ್ನು ಒಂಟೆಯ ಎರಡು ಪಕ್ಕಕ್ಕೆ ಕಟ್ಟುತ್ತಾರೆ. ಮನೆಯ ಪಕ್ಕೆಲುಬುಗಳೇ ಒಂಟೆಯ ಮೇಲಿನ ಹೇರಿನ ಚೌಕಟ್ಟಾಗುತ್ತವೆ, ಅದರ ನಡುವೆ ಹಾಲಿನ ಪಾತ್ರೆ, ಎಳೆಯ ಮರಿ, ಕೆಲವೊಮ್ಮೆ ಮಗು. ಅಲ್ಲಿ ಬಳಕೆಯಿಲ್ಲದ ಕೋಲು ಒಂದೂ ಇಲ್ಲ.

ಆದರೆ ಕೊರ್‌ನ ಬಹುಪಾಲು ಮನೆಗಳು ಈಗ ಹೊರಡುವುದಿಲ್ಲ. ಬರ, ಬಾವಿ, ಶಾಲೆ, ಚರ್ಚು ಸೇರಿ ಜನರನ್ನು ಇಲ್ಲೇ ನಿಲ್ಲಿಸಿವೆ. ಒಂಟೆಗಳು ದೂರದ ಮೇವಿನಲ್ಲಿ ಹುಡುಗರ ಜೊತೆ ಇರುತ್ತವೆ. ಮನೆಗಳ ಮೇಲೆ ನಾರಿನ ಚಾಪೆಯ ಜಾಗದಲ್ಲಿ ಹಳೆಯ ಬಟ್ಟೆ, ಪ್ಲಾಸ್ಟಿಕ್ ಹಾಳೆ, ತಟ್ಟಿ ಚಪ್ಪಟೆ ಮಾಡಿದ ಎಣ್ಣೆ ತಗಡು. ಒಬ್ಬ ಹಿರಿಯ ಹೆಂಗಸಿನ ಮನೆಯಲ್ಲಿ ಮಾತ್ರ ಬೇರಿನ ನಾರಿನಿಂದ ಹೆಣೆದ ಹಾಲಿನ ಪಾತ್ರೆಗಳು ಸಾಲಾಗಿದ್ದವು. ಹೆಣಿಗೆ ಎಷ್ಟು ಬಿಗಿ ಎಂದರೆ ಉಗುರು ತೂರುವುದಿಲ್ಲ, ಹಾಲು ಹೇಗೆ ಸೋರೀತು? ಹೊಗೆ ಕೂತು ಕೂತು ಕಪ್ಪಗೆ ಮಿರುಗುತ್ತಿತ್ತು. ಮಗಳು ಕಲಿತಿದ್ದಾಳೆಯೇ ಎಂದು ಕೇಳಿದೆ. ಮಗಳು ಶಾಲೆಯ ಶಿಕ್ಷಕಿ, ರಜೆಯಲ್ಲಿ ಬಂದಾಗ ಸ್ವಲ್ಪ ಸ್ವಲ್ಪ ಕಲಿಯುತ್ತಿದ್ದಾಳೆ ಎಂದರು. ಆ "ಸ್ವಲ್ಪ ಸ್ವಲ್ಪ" ನನಗೆ ದೊಡ್ಡದೆನಿಸಿತು.

ರಾತ್ರಿ ಮಂಚ ಹೊರಗೆ ಹಾಕಿಸಿಕೊಂಡು ಮಲಗಿದೆವು. ದೂರದಲ್ಲಿ ಒಂಟೆಗಳ ಕೊರಳಿನ ಮರದ ಗಂಟೆ ಟೊಳ್ಳು ದನಿಯಲ್ಲಿ ಬಡಿಯುತ್ತಲೇ ಇತ್ತು.

ಮಂಗಳವಾರ, ಬುಧವಾರ, ಲೊಯಿಯಾಂಗಲಾನಿ

ಮತ್ತೆ ದೊಡ್ಡ ದಾರಿಗೆ ಬಂದು ಪಶ್ಚಿಮಕ್ಕೆ ತಿರುಗಿದೆವು. ಗಾಳಿ ವಿದ್ಯುತ್ ಯೋಜನೆಗಾಗಿ ಸರಿಪಡಿಸಿದ ಈ ಜಲ್ಲಿ ರಸ್ತೆ ನಮ್ಮ ಭಯಕ್ಕಿಂತ ಚೆನ್ನಾಗಿತ್ತು. ದಿಬ್ಬ ಏರುತ್ತಿದ್ದಂತೆ 365 ಗಾಳಿಯಂತ್ರಗಳು ಕಪ್ಪು ಕಲ್ಲಿನ ಬಯಲ ತುಂಬ ಎದ್ದು ನಿಂತವು. ಅವು ಅಲ್ಲೇ ಏಕೆ ನಿಂತಿವೆ ಎಂದು ಕಾರಿನ ಬಾಗಿಲು ತೆರೆದಾಗ ಅರ್ಥವಾಯಿತು. ಗಾಳಿ ಬಾಗಿಲನ್ನೇ ಕಿತ್ತುಕೊಳ್ಳುವಂತೆ ಎಳೆಯಿತು. ಅದರಾಚೆ ತಿರುವಿನಲ್ಲಿ ತುರ್ಕಾನಾ ಸರೋವರ, ಹಸಿರೋ ನೀಲಿಯೋ ಹೇಳಲಾಗದ ನೀರು, ದಡದಲ್ಲಿ ಸುಟ್ಟ ಕಲ್ಲು.

ಲೊಯಿಯಾಂಗಲಾನಿಯಲ್ಲಿ ಬುಗ್ಗೆ ನೀರಿದೆ, ಡೂಮ್ ತಾಳೆಯ ನೆರಳಿದೆ. ಗಾಳಿ ಮಾತ್ರ ಕುಲಾಲ್ ಬೆಟ್ಟದಿಂದ ರಾತ್ರಿ ಧುಮುಕಿ ಬಂತು. ನಮ್ಮ ಗುಡಾರದ ಒಂದು ಕೋಲು ಮುರಿದು ಬಟ್ಟೆ ಮುಖದ ಮೇಲೆ ಬಿತ್ತು, ಉಳಿದ ರಾತ್ರಿ ಜೀಪಿನಲ್ಲಿ. ಇಲ್ಲಿ ಗುಡಾರದ ಆಸೆ ಬಿಟ್ಟು ತಾಳೆ ಗರಿಯ ಗುಡಿಸಲು ಬಾಡಿಗೆಗೆ ಹಿಡಿಯುವುದೇ ಸರಿ.

ಮರುದಿನ ಬೆಳಿಗ್ಗೆ ಸರೋವರದ ಮೇಲಿನ ಗುಡ್ಡದಲ್ಲಿರುವ, 2008ರಲ್ಲಿ ತೆರೆದ ಮರುಭೂಮಿ ವಸ್ತುಸಂಗ್ರಹಾಲಯ ನೋಡಿದೆವು. ಚಿಕ್ಕದು, ಆದರೆ ಸುತ್ತಲಿನ ಜನಾಂಗಗಳದ್ದೇ ವಸ್ತುಗಳು, ಕಿಟಕಿಯಾಚೆ ಅದೇ ಜನ. ಇಳಿದು ಬಂದರೆ ಜಾಲಿಯ ಕೆಳಗೆ ತುರ್ಕಾನಾ ಹಿರಿಯರೊಬ್ಬರು ಅಂಥದೇ ಒಂದು ವಸ್ತುವಿನ ಮೇಲೆ ಕುಳಿತಿದ್ದರು. ಎಕಿಚೊಲೊಂಗ್. ಒಂದೇ ಮರದ ತುಂಡಿನಿಂದ ಕೆತ್ತಿದ ಪುಟ್ಟ ಮಣೆ. ಹಗಲು ಪೀಠ, ರಾತ್ರಿ ತಲೆದಿಂಬು. ಹಿಂದೆ ತುರ್ಕಾನಾ ಗಂಡಸರು ಮಣ್ಣು ಮೆತ್ತಿ, ಉಷ್ಟ್ರಪಕ್ಷಿಯ ಗರಿ ಸಿಕ್ಕಿಸುವಂಥ ಕೇಶಾಲಂಕಾರ ಮಾಡಿಸಿಕೊಳ್ಳುತ್ತಿದ್ದರು. ಅದು ಕೆಡದಂತೆ ತಲೆಯನ್ನು ನೆಲದಿಂದ ಎತ್ತಿ ಇಡಲು ಇದೇ ಬೇಕಿತ್ತು. ಆ ಕೇಶಾಲಂಕಾರ ಈಗ ಹಬ್ಬಕ್ಕೆ ಮಾತ್ರ, ಮಣೆ ಮಾತ್ರ ಎಲ್ಲರ ಕೈಯಲ್ಲಿ.

"ಮ್ಜೇ (ಹಿರಿಯರೇ), ನೋಡಬಹುದೇ?" ಎಂದು ತಮ್ಮ ಗೌರವದಿಂದ ಕೇಳಿದ. ಅವರು ಎದ್ದು ಅದನ್ನು ಟವೆಲಿನಿಂದ ಒರೆಸಿ ಕೊಟ್ಟರು. ಕೂರುವ ಭಾಗ ನಡುವೆ ತಗ್ಗಾಗಿ, ಬೆವರು ಕೊಬ್ಬುಗಳನ್ನು ಕುಡಿದು ಗಾಢ ಕಂದುಬಣ್ಣಕ್ಕೆ ತಿರುಗಿತ್ತು. ಹೊರುವ ಚರ್ಮದ ಕುಣಿಕೆ ಸವೆದ ಕಡೆ ನೈಲಾನ್ ಹಗ್ಗ ಕಟ್ಟಿದ್ದರು. ತಾವೇ ಕೆತ್ತಿದ್ದು ಎಂದರು; ಪ್ರತಿ ಗಂಡಸೂ ತನ್ನದನ್ನು ತಾನೇ ಕೆತ್ತಿಕೊಳ್ಳುವುದು ವಾಡಿಕೆ. ತಲೆಯಿಟ್ಟು ನೋಡು ಎಂದು ಸನ್ನೆ ಮಾಡಿದರು. ಮರಳ ಮೇಲೆ ಒರಗಿ ಕಿವಿಯ ಹಿಂದೆ ಇಟ್ಟುಕೊಂಡೆ. ಮೊದಲು ಗಟ್ಟಿ ಎನಿಸಿತು. ಕುತ್ತಿಗೆಯನ್ನು ಒಂದಿಷ್ಟು ಸರಿಸಿದ ಮೇಲೆ ಕೆನ್ನೆಯ ಕೆಳಗೆ ಗಾಳಿ ಹಾಯುತ್ತಿರುವುದು ತಿಳಿಯಿತು. ಸುಡುವ ನೆಲದಿಂದ ಮುಖ ಒಂದು ಗೇಣು ಮೇಲಿದ್ದರೆ ಎಷ್ಟು ಹಿತ!

ಅವರ ಬಲಗೈ ಮಣಿಕಟ್ಟಿನಲ್ಲಿ ಬಳೆಯಂಥ ಒಂದು ಉಕ್ಕಿನ ಚಕ್ರ, ಅಂಚಿಗೆ ಚರ್ಮದ ಒರೆ. ಅಬರೈತ್, ಕೈಚೂರಿ. ಒರೆ ಜಾರಿಸಿದರೆ ಸುತ್ತಲೂ ಹರಿತ. ಮಾಂಸ, ಚರ್ಮ ಕೊಯ್ಯಲು ಬರುತ್ತದೆ, ಕೈಕಾಳಗದಲ್ಲಿ ಆಯುಧವೂ ಆಗುತ್ತಿತ್ತು. ಎರಡೂ ಕೈ ಕೋಲು, ಮಣೆ, ಮರಿ ಹಿಡಿಯಲು ಬಿಡುವಾಗಿರುತ್ತವೆ. ಒಂದು ಕಾಲಕ್ಕೆ ಕಬ್ಬಿಣ ಉಗಾಂಡಾ ಕಡೆಯ ಲಬ್ವೊರ್ ಕಮ್ಮಾರರಿಂದ ಬರುತ್ತಿತ್ತು, ಈಗ ಹಳೆಯ ಗಾಡಿಗಳ ಉಕ್ಕು.

ಪಕ್ಕದಲ್ಲಿ ನಿಂತಿದ್ದ ಯುವಕ "ಕೊಳ್ಳುತ್ತೀರಾ?" ಎಂದ. ಹಿರಿಯರು ಏನೂ ಹೇಳಲಿಲ್ಲ. ಬೇಡವೆಂದೆ. ಬಳಸುತ್ತಿರುವ ಮಣೆಯನ್ನು ಕಷ್ಟದ ಹೊತ್ತಿನಲ್ಲಿ ಮಾರಿದವರು ಇಲ್ಲಿ ಬಹಳ ಇದ್ದಾರೆ, ಅವು ಪರದೇಶದ ಬೈಠಕ್‌ಖಾನೆಗಳಲ್ಲಿ ಕುಳಿತಿವೆ. ಬೇಕಾದವರು ಮಾರಲೆಂದೇ ಹೊಸದಾಗಿ ಕೆತ್ತಿದ್ದನ್ನು ಕೊಳ್ಳಲಿ. ಕೆತ್ತಿದವನ ಕೈಗೇ ಹಣ ಹೋಗಲಿ. ಉಷ್ಟ್ರಪಕ್ಷಿಯ ಗರಿ, ಕಾಡುಪ್ರಾಣಿಯ ಚರ್ಮ, ಹಲ್ಲು ಅಂಟಿಸಿದ್ದನ್ನು ಮಾತ್ರ ಮುಟ್ಟಬಾರದು. ಪರವಾನಗಿಯಿಲ್ಲದೆ ಅವನ್ನು ಇಟ್ಟುಕೊಳ್ಳುವುದು ಕೀನ್ಯಾದಲ್ಲಿ ಅಪರಾಧ, ವಿಮಾನ ನಿಲ್ದಾಣದಲ್ಲಿ ವಿವರಿಸಿ ಪ್ರಯೋಜನವಿಲ್ಲ.

ಗುರುವಾರ, ಎನ್‌ಗುರುನಿತ್

ಹಿಂದಿರುಗುವ ದಾರಿಯಲ್ಲಿ ನ್ಡೊಟೊ ಬೆಟ್ಟಗಳ ಬುಡದ ಎನ್‌ಗುರುನಿತ್‌ಗೆ ಹೊರಳಿದೆವು. ಒಣ ಹೊಳೆಯ ಮರಳು, ದಟ್ಟ ಜಾಲಿ, ಮೇಲೆ ಬೂದು ಬಂಡೆ. ನೆರಳಲ್ಲಿ ಹೆಂಗಸರು ಡೂಮ್ ತಾಳೆಯ ಗರಿಯಿಂದ ಬುಟ್ಟಿ ಹೆಣೆಯುತ್ತಿದ್ದರು. ಆಕಾರ ಕಂಡ ಕೂಡಲೇ ಗುರುತು ಹಿಡಿದೆ: ಹಾಲಿನ ಪಾತ್ರೆಯದೇ ಉಬ್ಬು ಹೊಟ್ಟೆ, ಮೊನಚು ಮುಚ್ಚಳ. ಈಗ ಅದರೊಳಗೆ ಪೇಟೆಯವರು ನೂಲು, ಪತ್ರ ಇಡುತ್ತಾರೆ. ಹಾಲು ಕಡಿಮೆಯಾದ ಕಾಲಕ್ಕೆ ಹೆಣಿಗೆ ಬಲ್ಲ ಬೆರಳುಗಳು ಬೇರೆ ದಾರಿ ಕಂಡುಕೊಂಡಿವೆ. ಆ ಹಣದಲ್ಲಿ ಶಾಲೆಯ ಶುಲ್ಕ ಕಟ್ಟುತ್ತೇವೆ, ಒಬ್ಬೊಬ್ಬರು ಮೇಕೆ ಕೊಳ್ಳುತ್ತೇವೆ ಎಂದರು. ಮೇಕೆ ಎಂದಾಗ ಎಲ್ಲರೂ ಒಟ್ಟಿಗೆ ತಲೆದೂಗಿದರು.

ನನಗೆ ಬೇಕಾದದ್ದು ನಿಜವಾಗಿ ಹಾಲು ಹಿಡಿಯುವ ಪಾತ್ರೆ. ಹಾಗೆಂದು ತಮ್ಮನ ಕೈಲಿ ಹೇಳಿಸಿದಾಗ ಗುಂಪಿನ ಹಿರಿಯಳು ನನ್ನನ್ನು ಕಣ್ಣಿಟ್ಟು ನೋಡಿ, "ಏನು ಹಾಕುತ್ತೀಯ ಅದರಲ್ಲಿ?" ಎಂದು ಕೇಳಿದಳು. "ಮೊಸರು" ಎಂದೆ. ಅವಳಿಗೆ ಒಪ್ಪಿಗೆಯಾಯಿತು. ಆದರೆ ಗರಿಯದ್ದು ಆಗುವುದಿಲ್ಲ, ಬೇರಿನ ನಾರು ತರಬೇಕು, ನೆನೆಸಬೇಕು, ಹೆಣೆದ ಮೇಲೆ ಹೊಗೆ ಹಾಕಿ ಹಾಕಿ ರಂಧ್ರ ಮುಚ್ಚಬೇಕು. ಮುಂದಿನ ಮಳೆಯ ಹೊತ್ತಿಗೆ ಕಳುಹಿಸುತ್ತೇನೆ ಎಂದಳು. ಮುಂಗಡವನ್ನು ತಮ್ಮ ಅಲ್ಲೇ ಎಂ-ಪೆಸಾ ಎಂಬ ಮೊಬೈಲ್ ಹಣಸೇವೆಯ ಮೂಲಕ ಕಳುಹಿಸಿದ. ಸೊಂಟದ ಮಣಿಚೀಲದಿಂದ ಮೊಬೈಲ್ ತೆಗೆದು ಹಣ ಬಂದದ್ದನ್ನು ನೋಡಿ, ನನ್ನ ಅಂಗೈ ಅಳತೆಯನ್ನು ಒಂದು ನಾರಿನ ಎಳೆಯಲ್ಲಿ ಹಿಡಿದು ಗಂಟು ಹಾಕಿಕೊಂಡಳು. ಹಿಡಿ ನನ್ನ ಕೈಗೆ ಸರಿಯಾಗಿ ಕೂರಬೇಕಂತೆ.